ಕಪ್ಪಾಗದ ತಂಗಡಿ ಹೂವು

ಕಗ್ಗದಾಸಪುರದ ಹೊಲಗಳಲ್ಲಿ ಇನ್ನೂ ಗಾಳಿ ಎದ್ದಿಲ್ಲ. ಬದುವಿನುದ್ದಕ್ಕೂ ತಂಗಡಿ ಗಿಡಗಳು ಹಳದಿ ಹೂ ಹೊತ್ತು ನಿಂತಿವೆ. ಅವುಗಳ ಮುಂದೆ ದೊಡ್ಡಮುನಿಯಮ್ಮ, ಮಗ ಆದಿನಾರಾಯಣ, ಸೊಸೆ ಯಶೋದಮ್ಮ, ಅವಳ ಕಂಕುಳಲ್ಲಿ ಕೂಸು. ಮುಕ್ಕಾಲಿಯ ಮೇಲಿನ ಕ್ಯಾಮೆರಾಕ್ಕೆ ಹೊದಿಸಿದ ಕರಿಬಟ್ಟೆಯಿಂದ ಹಲಸೂರಿನ ಚಲುವಯ್ಯ ತಲೆ ಹೊರಗೆ ತೆಗೆಯುತ್ತಾರೆ.

"ಈ ಸಲಾನೂ ನಮ್ಮೊಲಕ್ಕೆ ಬೆಂಕಿ ಇಟ್ಟೆ ಅಂದ್ರೆ ನಿನ್ ಪೆಟ್ಗೇನ ಕೆರೆಗೆ ಎಸೀತೀನಿ ಕಣಯ್ಯ," ಎನ್ನುತ್ತಾರೆ ದೊಡ್ಡಮುನಿಯಮ್ಮ.

"ಎಸೀವ್ರಂತೆ ಅಕ್ಕಾ. ಈಗ ಬಾಯ್ ಮುಚ್ಚಿ. ನಾಲ್ಕು ಎಣ್ಸೋಗಂಟ ಉಸಿರು ಬಿಡ್ಬೇಡಿ."

ಮುನಿಸಿಗೆ ಕಾರಣವಿದೆ. ಕಳೆದ ವಸಂತದಲ್ಲಿ, 1943ರಲ್ಲಿ, ಇದೇ ಜಾಗದಲ್ಲಿ ತೆಗೆದ ಪಟವನ್ನು ಯುದ್ಧಕ್ಕೆ ಹೋಗಿದ್ದ ಆದಿನಾರಾಯಣನಿಗೆ ಕಳಿಸಿದ್ದರು. ಅದರಲ್ಲಿ ಹೂವೆಲ್ಲ ಮಸಿಯಾಗಿ ಬಿದ್ದಿತ್ತು. ಸೇನೆಯ ಲಾರಿ ಓಡಿಸುವ ಮಗ ಗಾಬರಿಬಿದ್ದು, ಹೊಲ ಸುಟ್ಟುಹೋಯಿತೇ ಎಂದು ಕಾಗದ ಬರೆದ. ಈಗ ಅವನ ರಜೆ ಮುಗಿದಿದೆ. ಇಂದು ಸಂಜೆಯ ರೈಲಿಗೆ ಹೊರಡಬೇಕು. ಜೊತೆಗೊಯ್ಯಲು ಕೇಳಿರುವುದು ಹೂವಿನ ನಡುವೆ ಮನೆಮಂದಿಯ ಒಂದು ಪಟ. ಯುದ್ಧದಿಂದಾಗಿ, ಪಟ ಮೂಡುವ ಗಾಜಿನ ಪ್ಲೇಟುಗಳು ಅಂಗಡಿಗೆ ಬರುವುದು ನಿಂತು ತಿಂಗಳುಗಳಾಗಿವೆ. ಚಲುವಯ್ಯನವರ ಬಳಿ ಉಳಿದಿರುವುದು ಒಂದೇ ಒಂದು.

ಐವತ್ತೆರಡರ ಚಲುವಯ್ಯ ಮೂರನೆಯ ತರಗತಿಯವರೆಗೆ ಓದಿದವರು. ಬೆಂಗಳೂರು ದಂಡುಪ್ರದೇಶದ ಸ್ಟುಡಿಯೋ ಒಂದರಲ್ಲಿ ಇಪ್ಪತ್ತು ವರ್ಷ ಪ್ಲೇಟು ತೊಳೆದು ಕೆಲಸ ಕಲಿತರು. ಸ್ವಂತ ಸ್ಟುಡಿಯೋ ಇಲ್ಲ. ಇಪ್ಪತ್ತೆಂಟು ಪೌಂಡಿನ ಸಾಮಾನನ್ನು ಸೈಕಲ್ಲಿಗೆ ಬಿಗಿದು, ಹೂ ಬಿಟ್ಟ ಬಯಲನ್ನೇ ಪರದೆ ಮಾಡಿಕೊಳ್ಳುತ್ತಾರೆ.

ಹಳೆಯ ಬಗೆಯ ಪ್ಲೇಟಿಗೆ ನೀಲಿ ಚೆನ್ನಾಗಿ ಕಾಣುತ್ತದೆ, ಹಳದಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ; ಹಾಗಾಗಿ ಪಟದಲ್ಲಿ ಕಪ್ಪಾಗಿ ಬೀಳುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡಮುನಿಯಮ್ಮನ ಬೈಗುಳ ತಿಂದ ಮೇಲೆ, ಹಳದಿಯೂ ಒಂದಿಷ್ಟು ಕಾಣುವ ಹೊಸ ಬಗೆಯ ಮೂರು ಪ್ಲೇಟು ಹುಡುಕಿ ತಂದರು. ಎರಡನ್ನು ಕತ್ತಲ ಕೋಣೆಯಲ್ಲಿ ತಡವಿಕೊಂಡೇ ಎಂಟೆಂಟು ತುಂಡು ಮಾಡಿದರು. ಒಂದೊಂದು ತುಂಡಿಗೂ ತಂಗಡಿಯ ಒಂದೊಂದು ಗೊಂಚಲು, ಲೆನ್ಸಿನ ಮುಂದೆ ಒಂದೊಂದು ಬಣ್ಣದ ಗಾಜು.

"ಬೆರಳು ಎಷ್ಟ್ ಸಲ ಕುಯ್ಕೊಂಡ್ನೋ! ಹನ್ನೊಂದ್ನೇ ತುಂಡಲ್ಲಿ ಹೂವು ಬಿಟ್ತು ನೋಡಿ," ಎಂದು ನಗುತ್ತಾರೆ.

ಗೆದ್ದದ್ದು ನೀಲಿಯನ್ನು ತಡೆದು ಹಳದಿಯನ್ನು ಒಳಗೆ ಬಿಡುವ ಹಳದಿ ಗಾಜು. ಆದರೆ ಅದು ಬೆಳಕನ್ನೂ ತಡೆಯುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಆಗುತ್ತಿದ್ದ ಕೆಲಸಕ್ಕೆ ನಾಲ್ಕು ಎಣಿಕೆ ಬೇಕು. ಅಷ್ಟರಲ್ಲಿ ಎಸಳೊಂದು ಅಲುಗಿದರೂ ಕೆಟ್ಟಿತು. ಅದಕ್ಕೇ ಈ ಗಾಳಿಯಿಲ್ಲದ ಬೆಳಗಿನ ಹೊತ್ತು.

ಒಂದು, ಎರಡು, ಮೂರು, ನಾಲ್ಕು. ಕೂಸು ಕೂಡ ಕದಲುವುದಿಲ್ಲ.

ಮಗನನ್ನೂ ಕರೆದುಕೊಂಡು ಚಲುವಯ್ಯನವರ ಹಲಸೂರಿನ ಮನೆಯವರೆಗೂ ಬೆನ್ನುಹತ್ತಿ ಬಂದ ದೊಡ್ಡಮುನಿಯಮ್ಮ, ತೊಳೆದು ತಂದ ಪ್ಲೇಟು ನೋಡಿ ಎದೆ ಬಡಿದುಕೊಳ್ಳುತ್ತಾರೆ. "ಅಯ್ಯೋ, ಮತ್ತೆ ಕರೀನೇ!"

"ನಿಮ್ ನರೆಗೂದ್ಲೂ ಕರ್ರಗೈತೆ, ನೋಡ್ಕಳಿ ಅಕ್ಕಾ. ಪ್ಲೇಟಲ್ಲಿ ಎಲ್ಲಾ ತಿರುಗಾಮುರುಗ. ತಡ್ಕಳಿ."

ಒಣಗಿದ ಪ್ಲೇಟಿನ ಕೆಳಗೆ ಬಿಸಿಲಿಗೆ ಕಪ್ಪಾಗುವ ಪಟದ ಕಾಗದವಿಟ್ಟು, ಚೌಕಟ್ಟಿಗೆ ಸೇರಿಸಿ ಅಂಗಳದ ಬಿಸಿಲಿಗೆ ಒಡ್ಡುತ್ತಾರೆ. ಕಾಗದದ ಮೇಲೆ ಸೀರೆಯ ಅಂಚು ಮೂಡುತ್ತದೆ, ಮುಖಗಳು ಮೂಡುತ್ತವೆ. ಎಲೆ ಕಪ್ಪಾಗುತ್ತದೆ, ಹೂವು ಬೆಳ್ಳಗೆ ಉಳಿಯುತ್ತದೆ. ಐದೂ ಎಸಳನ್ನು ಎಣಿಸಬಹುದು.

ದೊಡ್ಡಮುನಿಯಮ್ಮ ಬಾಗಿ ಎಣಿಸಿಯೇ ನೋಡುತ್ತಾರೆ. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ: "ಲೋ ಆದಿ, ಬಾರೋ! ನಮ್ಮೊಲ ಕಣೋ, ಹೂವ ಬಿಟ್ಕೊಂಡು ನಿಂತೈತೆ!"

ಮೂರು ಗಂಟೆಗೆಲ್ಲ ಪಟ ಸಿಪಾಯಿಯ ಎದೆಯ ಜೇಬಿಗೆ ಸೇರುತ್ತದೆ. ಚಲುವಯ್ಯ ಅವನ ಬೆನ್ನು ತಟ್ಟುತ್ತಾರೆ.

"ಹಳ್ದಿ ಗೆದ್ದೆ ಕಣಪ್ಪ. ಮುತ್ತುಗದ ಕೆಂಪು ಇನ್ನೂ ಮಸಿಯಾಗೇ ಬೀಳ್ತೈತೆ. ನೀನು ಯುದ್ಧ ಮುಗ್ಸ್ಕೊಂಡು ಬಾ. ಅಷ್ಟೊತ್ಗೆ ಅದ್ನೂ ಹಿಡ್ದಿರ್ತೀನಿ."