ಮಣ್ಣು ಸೋಕದ ಮೆಂತೆ ಪಲ್ಲೆ

ಅವ್ವನ ಮೂರನೆಯ ಕಿಮೊ ಮುಗಿದಾಗ ಡಾಕ್ಟರು ಎರಡು ಮಾತು ಹೇಳಿದರು. ಮಣ್ಣು ಮುಟ್ಟಬಾರದು. ಹೊಲದ ಹಸಿ ಸೊಪ್ಪು ತಿನ್ನಬಾರದು. ರಕ್ತದಲ್ಲಿ ಬಿಳಿಕಣ ಇಳಿದಿದ್ದವು, ಸಣ್ಣ ಸೋಂಕನ್ನೂ ತಡೆಯುವ ಶಕ್ತಿ ಮೈಯಲ್ಲಿರಲಿಲ್ಲ.

ಬಬಲೇಶ್ವರದ ಹೊಲ ಬಿಟ್ಟು ಆಕೆ ಪಟ್ಟಣದಲ್ಲಿ ಅಥಣಿ ರಸ್ತೆಯ ನನ್ನ ಬಾಡಿಗೆ ಮನೆಗೆ ಬಂದು ಮೂರು ತಿಂಗಳಾಗಿತ್ತು. ಬಾಯಿಗೆ ಯಾವ ರುಚಿಯೂ ಹತ್ತುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ: ಬಿಸಿ ರೊಟ್ಟಿ, ಅದರ ಜೊತೆ ಹಸಿ ಮೆಂತೆ ಪಲ್ಲೆ, ಬೇಯಿಸದ ಸೊಪ್ಪು. ಮನೆಯೊಳಗೆ ಮಣ್ಣಿಲ್ಲದೆ ಬೆಳೆದು, ಚೆನ್ನಾಗಿ ತೊಳೆದು ಕೊಡಬಹುದೇ ಎಂದು ನಾನು ಡಾಕ್ಟರನ್ನು ಕೇಳಿದೆ. "ಕೌಂಟ್ ಏರ್ಲಿ. ಆಮ್ಯಾಲ ಸ್ವಲ್ಪ ಕೊಡ್ರಿ" ಎಂದರು.

ನಾನು ಸಸ್ಯಶಾಸ್ತ್ರ ಓದಿದವಳು, ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ನರ್ಸರಿಯಿಂದ ತೆಂಗಿನ ನಾರಿನ ಪುಡಿಯ ಇಟ್ಟಿಗೆ ತಂದು ನೆನೆಸಿದೆ. ಅದರ ಉಪ್ಪು ಹೋಗುವವರೆಗೆ ತೊಳೆಯಬೇಕು. ನಮ್ಮ ಬೋರಿನದು ಸವಳು ನೀರು, ಹಾಗಾಗಿ ಕುಡಿಯುವ ನೀರನ್ನೇ ಬಳಸಿದೆ. ಮಿಠಾಯಿ ಅಂಗಡಿಯ ಎಂಟು ಪ್ಲಾಸ್ಟಿಕ್ ಡಬ್ಬಿಗಳ ತಳಕ್ಕೆ ಕಾಯಿಸಿದ ಸೂಜಿಯಿಂದ ತೂತು ಮಾಡಿ, ಪುಡಿ ತುಂಬಿ, ಅಡುಗೆಮನೆಯ ಮೆಂತೆ ಕಾಳು ಬಿತ್ತಿದೆ. ಕಿಟಕಿಯ ಸರಳಿಗೆ ನೀರಿನ ಬಾಟಲಿ ಕಟ್ಟಿ, ಔಷಧದಂಗಡಿಯಿಂದ ತಂದ ಸಲೈನ್ ಪೈಪುಗಳನ್ನು ಒಂದೊಂದು ಡಬ್ಬಿಗೆ ಇಳಿಬಿಟ್ಟೆ. ಪೈಪಿನ ಸಣ್ಣ ಗಾಲಿ ತಿರುಗಿಸಿದರೆ ಎಷ್ಟು ಹನಿ ಬೇಕೋ ಅಷ್ಟೇ ಬೀಳುತ್ತಿತ್ತು.

ಅವ್ವ ಮಂಚದಿಂದ ನೋಡಿದಳು. "ಇದಕ್ಕೂ ಸಲೈನ್ ಹಚ್ಚಿದೇನು? ಪಾಪ, ಇದಕ್ಕೇನ್ ರೋಗ ಬಂದೈತಿ?"

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಮಣ್ಣಿಲ್ದ ಬೆಳದಿದ್ದು ಮೈಗೆ ಹತ್ತತೈತೇನ ಬೇ?"

"ಹತ್ತತೈತಿ" ಎಂದೆ.

ಡಬ್ಬಿಗಳನ್ನು ಅವಳು ಮುಟ್ಟಲಿಲ್ಲ. ಕುರ್ಚಿ ಎಳೆಸಿಕೊಂಡು ಮಾರು ದೂರದಲ್ಲಿ ಕೂತು ನೋಡುತ್ತಿದ್ದಳು. ಒಂದು ಬೆಳಿಗ್ಗೆ, "ಆ ಕಡಿ ಡಬ್ಬಿಗಿ ನೀರ ಹೆಚ್ಚಾಗೈತಿ, ಎಲಿ ನೋಡು" ಎಂದಳು. ನನಗೆ ಏನೂ ಕಾಣಲಿಲ್ಲ. ಎರಡು ದಿನದಲ್ಲಿ ಆ ಡಬ್ಬಿಯ ಎಲೆ ಹಳದಿಯಾಯಿತು. ಆಮೇಲೆ ಹನಿಯ ಲೆಕ್ಕ ಅವಳೇ ಹೇಳತೊಡಗಿದಳು, ನಾನು ಗಾಲಿ ತಿರುಗಿಸುತ್ತಿದ್ದೆ. ಆ ದಿನಗಳಲ್ಲಿ ನಾವು ಮಾತನಾಡಿದ್ದೆಲ್ಲ ಹೆಚ್ಚುಕಡಿಮೆ ಅದೇ.

ಎಳ್ಳಮಾವಾಸ್ಯೆಯ ಹಿಂದಿನ ದಿನ ವರದಿ ಬಂತು. ಕೌಂಟ್ ಏರಿತ್ತು. ಪಲ್ಲೆ ಗೇಣುದ್ದ ಆಗಿತ್ತು. ಹಬ್ಬದ ಮರುದಿನ ಮಧ್ಯಾಹ್ನ ರೊಟ್ಟಿಯ ಜೊತೆ ಕೊಡುತ್ತೇನೆ ಎಂದೆ. ಅವ್ವ ಚಟ್ನಿಪುಡಿ, ಎಣ್ಣೆ ಎಲ್ಲ ಇವೆಯೇ ಎಂದು ವಿಚಾರಿಸಿದಳು.

ಅಮಾವಾಸ್ಯೆಯಂದು ನಮ್ಮ ಕಡೆ ಹೊಲಕ್ಕೆ ಬುತ್ತಿ ಒಯ್ದು, ತಾವು ಉಣ್ಣುವ ಮೊದಲು ಆ ಅಡುಗೆಯನ್ನು ಬೆಳೆಯೊಳಗೆ ಚರಗವೆಂದು ಚೆಲ್ಲುತ್ತಾರೆ, ಭೂಮಿತಾಯಿಗೆ ಉಣಿಸುತ್ತಾರೆ. ಆ ವರ್ಷ ಅವ್ವನ ಬದಲಿಗೆ ಟಿಕೋಟಾದ ಚಿಗವ್ವ, ಅವಳ ತಂಗಿ, ನಮ್ಮ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಮಧ್ಯಾಹ್ನದ ಬಸ್ಸಿಗೆ ನಮ್ಮಲ್ಲಿಗೆ ಬಂದಳು. ನಾನು ಕಾಲೇಜಿನಲ್ಲಿದ್ದೆ.

ಸಂಜೆ ಬಂದು ನೋಡಿದರೆ ಎಂಟೂ ಡಬ್ಬಿಗಳಲ್ಲಿ ಹೊಲದ ಕಪ್ಪು ಎರೆಮಣ್ಣು. ಎಲೆಗಳ ನಡುವೆ ಕಡುಬಿನ ಚೂರು, ಸಜ್ಜೆ ರೊಟ್ಟಿಯ ಮುರುಕು, ಮೊಸರನ್ನದ ಅಗುಳು. ಆಗಲೇ ಇರುವೆ ಹತ್ತಿದ್ದವು.

"ಭೂಮಿತಾಯಿಗಿ ಉಣಸಲಾರ್ದ ಪೀಕ ನಾ ಹ್ಯಾಂಗ ತಿನ್ಲಿ ಅಂದ್ಲು ಅಕ್ಕ" ಎಂದಳು ಚಿಗವ್ವ, ಸಂತೋಷದಿಂದಲೇ. "ಮೊದ್ಲ ಫೋನ್ ಹಚ್ಚಿ ಹೇಳಿದ್ಲು. ಅದಕ್ಕ ಹೊಲದಾಗಿನ ಮಣ್ಣ ಸೆರಗಿನಾಗ ಕಟಗೊಂಡ ಬಂದೆ. ಇಲ್ಲೂ ಚರಗ ಆತು."

ನಾನು ಕೂಗಾಡಲಿಲ್ಲ. ಕೈಗವಸು ಹಾಕಿಕೊಂಡು ಎಲ್ಲವನ್ನೂ ಕಿತ್ತು ಚೀಲಕ್ಕೆ ತುಂಬಿ ಹೊರಗಿಟ್ಟೆ. ಚಿಗವ್ವ ಬಾಗಿಲಿಗೆ ಒರಗಿ ನಿಂತಿದ್ದಳು.

"ನಾ ಮುಟ್ಟಿಲ್ಲ ಬೇ" ಎಂದಳು ಅವ್ವ. "ಆಕಿ ಕೈಲೆ ಹಾಕ್ಸೀನಿ. ದೂರ ಕುಂತ ನೋಡೀನಿ ಅಷ್ಟ."

ನಾನು ಕೈ ತೊಳೆದುಕೊಂಡೆ. ತಿನ್ನಬಾರದೆಂದು ಡಾಕ್ಟರು ಹೇಳಿದ್ದು ಹಸಿಯದನ್ನು ಮಾತ್ರ. ಆ ಪಲ್ಲೆಯನ್ನು ತೊಳೆದು, ಬೇಯಿಸಿ, ಬೇಳೆಗೆ ಹಾಕಿ ಅದೇ ರಾತ್ರಿ ಕೊಡಬಹುದಿತ್ತು. ಇದು ನನಗೆ ಹೊಳೆದದ್ದು ಮರುದಿನ, ಕಸದ ಗಾಡಿ ಬಂದು ಹೋದ ಮೇಲೆ.

ಹೊಸ ಪುಡಿ ತುಂಬಿ ಮತ್ತೆ ಬಿತ್ತಿದೆ. ಅವ್ವ ಕುರ್ಚಿಗೆ ಬರಲಿಲ್ಲ. ನೀರು ಸಾಕೇ ಎಂದು ಕೇಳಿದರೆ "ನಿನಗ ಗೊತ್ತೈತಲ್ಲ" ಎನ್ನುತ್ತಿದ್ದಳು. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. ವಾರದ ಮೇಲೆ ನಾಲ್ಕನೆಯ ಕಿಮೊ ಆಯಿತು, ಅದರ ಬೆನ್ನಿಗೇ ಜ್ವರ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ನಾನು ದಿನಕ್ಕೊಮ್ಮೆ ಸ್ನಾನಕ್ಕೆ ಮನೆಗೆ ಬಂದು ಬಾಟಲಿ ತುಂಬಿಸಿ ಹೋಗುತ್ತಿದ್ದೆ. ಅವಳು ತಿರುಗಿ ಬರಲಿಲ್ಲ. ಜ್ವರಕ್ಕೆ ಆ ಮಣ್ಣು ಕಾರಣವಲ್ಲ ಎಂದು ಡಾಕ್ಟರು ಹೇಳಿದರು. ನಾನು ಕೇಳಿದ್ದಕ್ಕೆ ಹೇಳಿದರು.

ಅವ್ವನನ್ನು ಬಬಲೇಶ್ವರದ ಹೊಲದಲ್ಲೇ ಮಣ್ಣು ಮಾಡಿದೆವು. ಮೂರನೆಯ ದಿನ ಸಮಾಧಿಗೆ ಇಡುವ ಎಡೆಗೆ ಅವಳು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಒಯ್ಯಬೇಕಿತ್ತು. ಹೊರಡುವ ಮೊದಲು ಚಿಗವ್ವ ನನ್ನ ಬಾಡಿಗೆ ಮನೆಯ ಕಿಟಕಿಯ ಹತ್ತಿರ ಹೋಗಿ, "ಇದನ್ನ ಕೊಯ್ಯಲೇನು?" ಎಂದು ನನ್ನನ್ನು ಕೇಳಿದಳು. ನಾನು ತಲೆಯಾಡಿಸಿದೆ. ಅವಳು ಕೊಯ್ದು ಕೊಟ್ಟದ್ದನ್ನು ಮೂರು ನೀರಿನಲ್ಲಿ ತೊಳೆದೆ.

"ಸಾಕ್ ಬಿಡ ಯವ್ವಾ" ಎಂದಳು. "ಬಸ್ ಹೋಗತೈತಿ."

ಹೊಲದಲ್ಲಿ ಸಮಾಧಿಯ ಮುಂದೆ ರೊಟ್ಟಿ, ಉಳಿದ ಅಡುಗೆಯನ್ನೆಲ್ಲ ಬಾಳೆಲೆಯ ಮೇಲೆ ಇಟ್ಟರು. ಪಲ್ಲೆಗೆ ಜಾಗ ಉಳಿದಿರಲಿಲ್ಲ. ಅದನ್ನು ಬರಿ ಮಣ್ಣಿನ ಮೇಲೆ ಇಟ್ಟೆ.