ಮಡಿಕೆಯಮ್ಮ ‘ಅತ್ತೆ’ ಅಂದದ್ದು

ಲಾಂಡ್ರಿಯಲ್ಲಿ ಆಕೆಗೆ ಮಡಿಕೆಯಮ್ಮ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಸುವುದು ಆಕೆಯ ಚಟ. ಬಸ್ ಟಿಕೇಟು, ಬಿಸ್ಕತ್ತಿನ ಕಾಗದ, ಔಷಧಿ ಅಂಗಡಿಯ ಚೀಟಿ, ಎಲ್ಲವೂ ಆಕೆಯ ಬೆರಳಿಗೆ ಸಿಕ್ಕಿ ಅಂಗೈಯಷ್ಟಾಗಿಬಿಡುತ್ತಿದ್ದವು. ಸಂಬಳ ಕೊಡುವವರೂ ಅದೇ ಕೆಲಸಕ್ಕೆ ಇಟ್ಟುಕೊಂಡಿದ್ದು ಆಕೆಯ ಪುಣ್ಯ. ಲಾಡ್ಜುಗಳಿಂದ, ಆಸ್ಪತ್ರೆಗಳಿಂದ ಬಂದ ಬೆಡ್‌ಶೀಟುಗಳು ಒಗೆದು ಒಣಗಿ ಬಂದ ಮೇಲೆ ಅವನ್ನು ಮಡಿಸಿ ಪೇರಿಸುವುದು ಆಕೆಯ ಪಾಲಿನ ಕೆಲಸ.

ದೊಡ್ಡ ಶೀಟು ಒಬ್ಬರ ಕೈಗೆ ಬಗ್ಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಹಿಂದಕ್ಕೆ ಸರಿಯಬೇಕು, ಜಗ್ಗಬೇಕು, ಒಮ್ಮೆ ಝಾಡಿಸಬೇಕು, ಆಮೇಲೆ ಎದುರಾಬದುರು ನಡೆದುಬಂದು ತುದಿಗೆ ತುದಿ ಕೂಡಿಸಬೇಕು. ಹಾಗೆ ಹತ್ತಿರ ಬಂದಾಗಲೆಲ್ಲ ಒಂದು ಮಾತು ಆಡಿಕೊಳ್ಳಬಹುದು. ಆ ತುದಿ ಹಿಡಿಯುವವಳು ಗಿಲಕಿ. ಅವಳು ಮಾತು ನಿಲ್ಲಿಸಿದರೆ ಉಸಿರೂ ನಿಂತಿತೇನೋ ಅಂತ ಹೆದರಬೇಕು, ಅಂಥ ಹೆಂಗಸು.

ಇತ್ತೀಚೆಗೆ ಇಬ್ಬರ ಮಾತೂ ಒಂದೇ ಕಥೆಯ ಸುತ್ತ ಸುತ್ತುತ್ತಿತ್ತು. ಟೀವಿಯಲ್ಲಿ ಒಂದು ಧಾರಾವಾಹಿ ಬಂದು ಮುಗಿದಿತ್ತು. ಹೊಳೆ ದಡದ ಸಣ್ಣ ಆಸ್ಪತ್ರೆಯ ಡಾಕ್ಟರಮ್ಮ, ರೋಗಿಗಳನ್ನು ದಾಟಿಸುವ ದೋಣಿಯಾಕೆ. ಇಬ್ಬರಿಗೂ ಹಾವು ಮುಂಗುಸಿ ಸಂಬಂಧ. ಕೊನೆಯ ಕಂತಿನಲ್ಲಿ ಡಾಕ್ಟರಮ್ಮನನ್ನು ಎಲ್ಲಿಗೋ ವರ್ಗ ಮಾಡಿಸಿ, ದೋಣಿಯಾಕೆಯನ್ನು ದಡದಲ್ಲಿ ಕೈಬೀಸಲು ನಿಲ್ಲಿಸಿ ಕೈತೊಳೆದುಕೊಂಡರು. ನೋಡುತ್ತಿದ್ದವರಲ್ಲಿ ಅರ್ಧ ಜನಕ್ಕೆ ಹೊಟ್ಟೆ ಉರಿಯಿತು. ಅಷ್ಟು ಮುದ್ದಾಗಿ ಜಗಳ ಆಡುವವರು ಪ್ರೀತಿ ಇಲ್ಲದೆ ಆಡುತ್ತಾರೆಯೆ? ‘ಒಂಟಿಕಾಲ ಕೊಕ್ಕರೆ’ ಅಂತ ಹೆಸರಿಟ್ಟುಕೊಂಡ ಅಭಿಮಾನಿಯೊಬ್ಬಳು ತಡೆಯಲಾಗದೆ ಮುಂದಿನ ಕಥೆಯನ್ನು ತಾನೇ ಬರೆದು ಮೊಬೈಲಿನ ಆ್ಯಪೊಂದಕ್ಕೆ ಹಾಕತೊಡಗಿದಳು. ಅವಳ ಕಥೆಯಲ್ಲಿ ಡಾಕ್ಟರಮ್ಮ ಕೈಕೂಸನ್ನು ಎತ್ತಿಕೊಂಡು ವಾಪಸ್ಸು ಬಂದಳು, ದೋಣಿಯಾಕೆ ಬಾಗಿಲು ತೆರೆದಳು, ಸಂಸಾರ ಶುರುವಾಯಿತು.

ಪ್ರತಿ ಶುಕ್ರವಾರ ಒಂದು ಕಂತು. ಚಹಾದ ಹೊತ್ತಿಗೆ ಗಿಲಕಿ ಬಟ್ಟೆಗಂಟಿನ ಮೇಲೆ ಕೂತು ಗಟ್ಟಿಯಾಗಿ ಓದುವಳು. ಡಾಕ್ಟರಮ್ಮನಿಗೆ ಮೂಗಿನ ದನಿ, ದೋಣಿಯಾಕೆಗೆ ಗಂಟಲ ದನಿ. ಸುತ್ತ ಕೂತವರು ನಡುನಡುವೆ ಬಾಯಿ ಹಾಕುವರು. “ಆ ಡಾಕ್ಟ್ರಿಗೆ ಅನ್ನ ಮಾಡೋಕೂ ಬರಲ್ವಲ್ರೇ, ಕೂಸಿಗೆ ಏನ್ ತಿನ್ನಿಸ್ತಾಳೆ!” ಇಸ್ತ್ರಿ ಯಂತ್ರದ ಮುದುಕ ಮಾತ್ರ ಇಂಥ ಹೆಂಗಸರ ಕಥೆ ತನಗೆ ಬೇಡ ಅನ್ನುತ್ತಿದ್ದ. ಆದರೆ ಶುಕ್ರವಾರ ಸರಿಯಾಗಿ ಅದೇ ಹೊತ್ತಿಗೆ ತನ್ನ ಯಂತ್ರದ ಸದ್ದು ಜಾಸ್ತಿಯಾಯಿತೆಂದು ಅದನ್ನು ಆರಿಸಿಬಿಡುತ್ತಿದ್ದ.

ಕಥೆಯ ಲಿಂಕನ್ನು ಮಡಿಕೆಯಮ್ಮನಿಗೆ ಕಳಿಸಿದವಳು ಆಕೆಯ ಮಗಳು. ಹಾಗೆ ಅನ್ನಬಹುದೋ ಬಾರದೋ ಅನ್ನುವುದೇ ಆಕೆಯ ಮನಸ್ಸಿನ ಮುಳ್ಳು.

ಹೆತ್ತವಳು ಡ್ರೈವರಮ್ಮ. ಶಾಲೆಯ ವ್ಯಾನು ಓಡಿಸುವ ಗಟ್ಟಿಗಿತ್ತಿ. ಕಟ್ಟಿಕೊಂಡವನು ಕೈಬಿಟ್ಟಾಗ ಎಳೆಗೂಸಿನ ಜೊತೆ ಇದ್ದವಳನ್ನು ಮಡಿಕೆಯಮ್ಮ ಪ್ರೀತಿಸಿದಳು, ಅವಳೂ ಪ್ರೀತಿಸಿದಳು, ಇಬ್ಬರೂ ಬಾಡಿಗೆ ಮನೆ ಹುಡುಕಿ ಹೊರಟರು. ಮನೆ ಮಾಲೀಕ ಕೂಸನ್ನು ನೋಡಿದ, ಇಬ್ಬರನ್ನೂ ನೋಡಿದ, ಇವರು ಬಾಯಿ ತೆರೆಯುವ ಮೊದಲೇ, “ಅತ್ತಿಗೆ ನಾದಿನಿ ಅಂತ ಕಾಣುತ್ತೆ. ಅಣ್ಣ ಎಲ್ಲಿ?” ಅಂದ. “ಹಡಗಲ್ಲಿ ಕೆಲಸ,” ಅಂದುಬಿಟ್ಟಳು ಡ್ರೈವರಮ್ಮ. ಒಡಹುಟ್ಟಿದವರೇ ಇಲ್ಲದ ಮಡಿಕೆಯಮ್ಮನಿಗೆ ಒಂದೇ ಗಳಿಗೆಯಲ್ಲಿ ಅಣ್ಣ ಹುಟ್ಟಿ, ಬೆಳೆದು, ಸಮುದ್ರಕ್ಕೂ ಹೋಗಿಬಿಟ್ಟ.

ಸುಳ್ಳು ಅಂದ ಮೇಲೆ ಅದಕ್ಕೆ ತಕ್ಕ ಹಾಗೆ ನಡೆಯಬೇಕಲ್ಲ. ಅಪ್ಪನ ತಂಗಿ ಅಂದರೆ ಅತ್ತೆ. ಕೂಸು ‘ಅತ್ತೆ’ ಅನ್ನುವುದನ್ನು ಕಲಿಯಿತು. ಹಾಲು ಕುಡಿಸಿದವಳು, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ತಿರುಗಿದವಳು, ಸೈಕಲ್ಲು ಕಲಿಸಿ ತಾನೇ ಬಿದ್ದು ಮೊಣಕಾಲು ಒಡೆದುಕೊಂಡವಳು, ಎಲ್ಲ ಅತ್ತೆಯೇ. ಈಗ ಹುಡುಗಿ ಬೇರೆ ಊರಿನ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುತ್ತಾಳೆ. ಮದುವೆಯೂ ಗೊತ್ತಾಗುವುದರಲ್ಲಿದೆ. ಇಬ್ಬರ ವಿಷಯ ಅವಳಿಗೆ ಚೆನ್ನಾಗಿಯೇ ಗೊತ್ತು, ಇಲ್ಲದಿದ್ದರೆ ಆ ಕಥೆಯನ್ನು ಯಾಕೆ ಕಳಿಸುತ್ತಿದ್ದಳು? ಆದರೂ ಮಡಿಕೆಯಮ್ಮನಿಗೆ ಒಂದೇ ಕೊರಗು: ನಾನು ಅವಳಿಗೆ ಏನು? ತಾಯಿಯೋ, ಇಲ್ಲ ತಾಯಿಯ ಜೊತೆಗಿದ್ದವಳೋ?

ಆ ಶುಕ್ರವಾರದ ಕಂತಿನಲ್ಲಿ ಕಥೆಯ ಕೂಸು ಪುಟ್ಟಿಗೆ ಮಾತು ಬರತೊಡಗಿತ್ತು. ಡಾಕ್ಟರಮ್ಮನನ್ನು ಕಂಡರೆ ‘ಅಮ್ಮ’. ದೋಣಿಯಾಕೆಯನ್ನು ಕಂಡರೆ ಎರಡೂ ಕೈ ಚಾಚುತ್ತಿತ್ತು, ಬಾಯಿ ತೆರೆಯುತ್ತಿತ್ತು, ಏನೆಂದು ಕೂಗಬೇಕೋ ತಿಳಿಯದೆ ಬಾಯಿ ಮುಚ್ಚುತ್ತಿತ್ತು. ಮನೆಗೆ ಬಂದು ಇನ್ನೊಮ್ಮೆ ತಾನೇ ಓದಿಕೊಂಡ ಮಡಿಕೆಯಮ್ಮನಿಗೆ ಅಲ್ಲಿಗೆ ಕಣ್ಣು ಮಂಜಾಯಿತು. ಇದುವರೆಗೆ ಒಮ್ಮೆಯೂ ಕಾಮೆಂಟು ಹಾಕದವಳು ಮೂಗು ಒರೆಸಿಕೊಂಡು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ, ಅನ್ನಿಸಿದ್ದನ್ನು ಹಾಗೇ ಬರೆದಳು: “ಅತ್ತೆ.” ಅಂದರೆ, ಓದಿ ಕಣ್ಣೀರು ಬಂತು ಅಂತ. ಕಳಿಸಿ, ಫೋನು ಮುಚ್ಚಿ, ಹಗುರಾಗಿ ಮಲಗಿದಳು.

ಕಂತಿನ ತುದಿಗೆ ಕೊಕ್ಕರೆ ಒಂದು ಪ್ರಶ್ನೆ ಕೇಳಿದ್ದಳು. ‘ಪುಟ್ಟಿ ದೋಣಿಯಾಕೆಯನ್ನು ಏನಂತ ಕರೆಯಲಿ? ನೀವೇ ಹೇಳಿ.’ ಚಹಾದ ಹೊತ್ತು ಮುಗಿದಿದ್ದರಿಂದ ಗಿಲಕಿ ಅದನ್ನು ಓದಿರಲಿಲ್ಲ, ಅಳುವ ಭರದಲ್ಲಿ ಮಡಿಕೆಯಮ್ಮ ನೋಡಿರಲಿಲ್ಲ.

ಬೆಳಿಗ್ಗೆ ಫೋನು ತೆಗೆದರೆ ಕಾಮೆಂಟುಗಳ ಜಾತ್ರೆ. “ಅತ್ತೆಯಂತೆ ಅತ್ತೆ! ಹೆತ್ತವಳು ಅಮ್ಮ, ಹೊತ್ತವಳು ಅತ್ತೆನಾ?” ಅಂತ ಒಬ್ಬಳು. “ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಇವರದು ಯಾವ ಕಾಲ?” ಅಂತ ಇನ್ನೊಬ್ಬ. “ಯಾರ್ರೀ ಇದು ಕಲ್ಲೆದೆ?” ಅಂತ ಮೂರನೆಯವಳು. ಕೂಸಿನ ಬಾಯಿಗೆ ಅವ್ವ, ಮಾತಾಯಿ, ದೋಣಿಯಮ್ಮ ಅಂತ ಬಗೆಬಗೆಯ ಪದ ತುರುಕುತ್ತಿದ್ದವರೆಲ್ಲ ಒಂದಾಗಿ ಆಕೆಯ ಮೇಲೆ ಮುಗಿಬಿದ್ದಿದ್ದರು.

ಡ್ರೈವರಮ್ಮ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಲೇ, ಜನ್ಮಪೂರ್ತಿ ಯಾವ ಪದಕ್ಕೆ ಕೊರಗಿದ್ಯೋ ಅದಕ್ಕೇ ಓಟು ಹಾಕಿ ಬಂದ್ಯಲ್ಲೇ!”

“ನಗಬೇಡ. ನಮ್ಮ ಹುಡುಗಿನೂ ಓದ್ತಾಳೆ. ನಾನೇ ಅತ್ತೆ ಸಾಕು ಅಂದ್ಕೊಂಡಿದ್ದೀನಿ ಅಂತ ತಿಳ್ಕೊಂಡ್ರೆ?”

“ಹಾಗಾದ್ರೆ ಸರಿಯಾಗಿ ಬರಿ. ನಾಕು ಮಾತು ಜಾಸ್ತಿ ಬರೆದ್ರೆ ಬೆರಳು ಸವೆಯಲ್ಲ.”

ಲಾಂಡ್ರಿಯಲ್ಲಿ ಊಟದ ಹೊತ್ತಿಗೆ ಮಡಿಕೆಯಮ್ಮ ಮೂಲೆ ಹಿಡಿದು ಕೂತಳು. ತಾನು ಬರೆದುಕೊಡುವೆನೆಂದು ಬಂದ ಗಿಲಕಿಯನ್ನು ಆಚೆ ಅಟ್ಟಿದಳು. ಊಟದ ಡಬ್ಬಿ ತೆರೆಯಲೇ ಇಲ್ಲ. ಕೊನೆಗೂ ಬರೆದದ್ದು ಇಷ್ಟು: “ನಾನು ಅತ್ತೆ ಅಂದದ್ದು ಅಳು ಬಂತು ಅಂತ. ಕರೆಯೋ ಪದ ಅಲ್ಲ. ನಮ್ಮ ಮನೆಯಲ್ಲೂ ನಾವಿಬ್ಬರು ಹೆಂಗಸರು, ಒಬ್ಬಳು ಮಗಳು. ಅವಳನ್ನ ನಾನು ಹೆತ್ತಿಲ್ಲ. ಜನಕ್ಕೆ ಹೆದರಿ ಅತ್ತೆ ಅನ್ನೋದು ಕಲಿಸಿದ್ವಿ. ಪುಟ್ಟಿಗೆ ಆ ಪದ ಬೇಡ.”

ಕಳಿಸಿ, ಎದ್ದು ಒಂದು ಶೀಟು ಬಿಚ್ಚಿದಳು. ಗಿಲಕಿ ತನ್ನ ಫೋನಿನಲ್ಲಿ ಓದಿ ಎದ್ದು ಬಂದಳು. ಶೀಟಿನ ತುದಿ ಹಿಡಿದಳು, ಜಗ್ಗಿದಳು, ಹತ್ತಿರ ಬಂದಾಗ ಅಂದಳು, “ಅಕ್ಕಾ, ನಮಗೆಲ್ಲ ಗೊತ್ತಿತ್ತು. ನಿಮ್ಮಣ್ಣನ ಹಡಗು ಇಷ್ಟು ವರ್ಷ ಆದ್ರೂ ದಡ ಸೇರಿಲ್ಲ ಅಂದ್ರೆ ಯಾರು ನಂಬ್ತಾರೆ?” ಇಸ್ತ್ರಿ ಯಂತ್ರದ ಮುದುಕ ಅತ್ತ ಮುಖ ಮಾಡಿಕೊಂಡೇ, “ಅವ್ವ ಅಂತ ಕರೀಲಿ. ದೋಣಿಯಾಕೆಗೆ ಅದೇ ಒಪ್ಪುತ್ತೆ,” ಅಂದ. ಕಥೆ ಕೇಳುವುದಿಲ್ಲ ಅನ್ನುತ್ತಿದ್ದ ಆಸಾಮಿ!

ಕಾಮೆಂಟಿನವರ ಮಾತಂತೂ ರಾಗ ಬದಲಾಯಿಸಿತು. ಕಲ್ಲೆದೆ ಅಂದವಳು ಮೂರು ಸಲ ಕ್ಷಮೆ ಕೇಳಿದಳು. “ನಾವೂ ಅತ್ತೆವು” ಅಂತ ಒಬ್ಬ ಬರೆದದ್ದೇ ತಡ, ಅದರ ಕೆಳಗೆ ಸಾಲುಗಟ್ಟಿ ಎಲ್ಲರೂ ಅತ್ತರು. ತಮ್ಮ ಮನೆಯಲ್ಲೂ ಇಬ್ಬರು ಅಪ್ಪಂದಿರು ಅಂತ ಒಬ್ಬ ಹುಡುಗ ಬರೆದ, ಒಬ್ಬರು ಸೊಪ್ಪು ಚೆನ್ನಾಗಿ ಬೇಯಿಸುತ್ತಾರೆ, ಇನ್ನೊಬ್ಬರು ತಳ ಹಿಡಿಸುತ್ತಾರೆ ಅಂತಲೂ ಸೇರಿಸಿದ. ಮುಂದಿನ ಕಂತಿನಲ್ಲಿ ಪುಟ್ಟಿ ದೋಣಿಯೊಳಗೆ ನಿಂತು ಹೊಳೆಯ ಎರಡೂ ದಡಕ್ಕೆ ಕೇಳುವ ಹಾಗೆ “ಅವ್ವಾ” ಅಂದಳು. ಲಾಂಡ್ರಿಯಲ್ಲಿ ಚಪ್ಪಾಳೆ ಬಿತ್ತು. ಮಡಿಕೆಯಮ್ಮನಿಗೆ ಊರೇ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಷ್ಟು ಸಂತೋಷವಾಯಿತು.

ಆದರೆ ಮಗಳಿಂದ ಆ ಬಗ್ಗೆ ಒಂದು ಮಾತಿಲ್ಲ. ಫೋನು ಮಾಡಿದಾಗಲೂ ಅದರ ಸುದ್ದಿ ಎತ್ತಲಿಲ್ಲ. “ಭಾನುವಾರ ಹುಡುಗನ್ನೂ ಅವರ ತಾಯಿನೂ ಕರ್ಕೊಂಡು ಬರ್ತೀನಿ,” ಅಂದಳು, ಅಷ್ಟೆ. ಊರಿನವರೆಲ್ಲ ಮೆಚ್ಚಿದರೇನು, ಬೇಕಾದವಳು ಬಾಯಿ ಬಿಡದಿದ್ದರೆ? ಮಡಿಕೆಯಮ್ಮ ಮನೆಯಲ್ಲಿದ್ದ ಟವೆಲ್ಲುಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸಿದಳು.

ಭಾನುವಾರ ಬಂದರು. ಹುಡುಗ ಸಂಕೋಚದವನು. ಅವನ ತಾಯಿ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿ ನಿವೃತ್ತಳಾದಾಕೆ, ಮೈಕು ಹೋದರೂ ದನಿ ಉಳಿದಿತ್ತು. ಸೋಫಾದ ತುಂಬ ಕೂತು, ಚಹಾ ಹೊಗಳಿ, ಹುಡುಗಿಯ ಕಡೆ ತಿರುಗಿ ಅಂದಳು, “ನೋಡಮ್ಮ, ಈ ಮೇಡಂ ಗೀಡಂ ಎಲ್ಲ ಸಾಕು. ಇನ್ನು ನನ್ನ ಬಾಯ್ತುಂಬ ಅತ್ತೆ ಅನ್ನು.”

“ಅದೊಂದು ಆಗಲ್ಲ,” ಅಂದಳು ಹುಡುಗಿ.

ಡ್ರೈವರಮ್ಮ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. ಹುಡುಗ ನೆಲ ನೋಡಿದ.

“ಯಾಕಮ್ಮ? ಗಂಡನ ತಾಯಿನ ಎಲ್ಲರೂ ಹಾಗೇ ತಾನೇ ಕರೆಯೋದು?”

“ಕರೀಲಿ. ನಮ್ಮನೇಲಿ ಆ ಪದ ಖಾಲಿ ಇಲ್ಲ. ನಿಮ್ಮ ಮಗನಿಗೆ ಹೇಳಿದ್ದೀನಿ, ನಿಮ್ಮ ಎದುರಿಗೂ ಹೇಳಬೇಕು ಅಂತಲೇ ಕರ್ಕೊಂಡು ಬಂದೆ. ಇವರು ನಮ್ಮಪ್ಪನ ತಂಗಿ ಅಲ್ಲ. ಇವರಿಬ್ಬರೂ ಸೇರಿ ನನ್ನ ಸಾಕಿದ್ದು. ಅಮ್ಮನೂ ನನ್ನ ತಾಯಿ, ಅತ್ತೆನೂ ನನ್ನ ತಾಯಿ.” ಆಮೇಲೆ ಮಡಿಕೆಯಮ್ಮನ ಕಡೆ ತಿರುಗಿದಳು, ದನಿ ಸ್ವಲ್ಪ ಅಲುಗಿತು. “ನೀನು ಬರೆದಿದ್ದು ಓದ್ದೆ. ಬೇಜಾರಾಯ್ತು ಕಣೆ, ಫೋನಲ್ಲಿ ಹೇಳೋಕಾಗಲಿಲ್ಲ. ನೀವು ಹೆದರಿ ಕಲಿಸಿರಬಹುದು. ನಾನು ಹೆದರಿ ಕಲೀಲಿಲ್ಲ. ಬೇರೆಯವರ ಮನೆ ಅತ್ತೆಯಂದ್ರೆ ಬರೀ ಹಬ್ಬಕ್ಕೋ ರಜಕ್ಕೋ ಬಂದು ಹೋಗೋರು ಅಂತ ನಂಗೆ ಸ್ಕೂಲಿಗೆ ಹೋದ್ಮೇಲೆ ಗೊತ್ತಾಗಿದ್ದು. ಆ ಮಕ್ಕಳನ್ನ ನೋಡಿ ಅಯ್ಯೋ ಪಾಪ ಅನ್ನಿಸ್ತಿತ್ತು. ನಿಂಗೆ ಬೇಡ ಅಂದ್ರೆ ಅವ್ವ ಅಂತೀನಿ. ಆದ್ರೆ ನಾಲಿಗೆ ಹೊರಳಲ್ಲ.”

ಮಡಿಕೆಯಮ್ಮ ಅವ್ವ ಬೇಡ ಬೇಡ ಅಂತ ತಲೆಯಾಡಿಸಿದಳು.

ಮೈಕಿನ ತಾಯಿ ಇವರನ್ನು ನೋಡಿದಳು, ಅವರನ್ನು ನೋಡಿದಳು. ಬಸ್ಸು ತಪ್ಪಿಸಿಕೊಂಡವಳ ಹಾಗೆ ಖಾಲಿ ಲೋಟದ ತಳ ನೋಡಿ, “ಸರಿ ಬಿಡು,” ಅಂದಳು. “ನಂಗೆ ಬೇರೆ ಪದ ಹುಡುಕೋಣ, ಅವಸರ ಏನಿಲ್ಲ. ಒಬ್ಬ ಮಗನ್ನ ಕೊಟ್ಟು ಇಬ್ಬರು ಬೀಗಿತ್ತಿಯರನ್ನ ಗಿಟ್ಟಿಸಿದ ಹಾಗಾಯ್ತಲ್ಲ, ನಷ್ಟವಂತೂ ಇಲ್ಲ. ಇನ್ನೊಂದು ಲೋಟ ಚಹಾ ಸಿಗುತ್ತಾ?”

ಡ್ರೈವರಮ್ಮ ಗಟ್ಟಿಯಾಗಿ ನಕ್ಕಳು. ಹುಡುಗನಿಗೆ ಉಸಿರು ಬಂತು. ಹುಡುಗಿ ತಾನೇ ಅಡುಗೆಮನೆಗೆ ಹೋಗಿ, ಡಬ್ಬಗಳನ್ನೆಲ್ಲ ಸದ್ದು ಮಾಡಿ ಹುಡುಕಿ, ಒಳಗಿಂದ ಕೂಗಿದಳು, “ಅತ್ತೇ, ಸಕ್ಕರೆ ಎಲ್ಲಿಟ್ಟಿದ್ದೀಯೇ?”

ಮಡಿಕೆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಹೊರಗಿನವರ ಎದುರಿಗೆ ಒಮ್ಮೆಯೂ ಆಡದಿದ್ದ ಮಾತನ್ನು, ಬೀಗಿತ್ತಿಗೂ ಕೇಳುವ ಹಾಗೆ ಆಡಿದಳು.

“ಬಂದೆ ಮಗಳೇ.”