ಭಾವನ ನಾಲಿಗೆ

ವಿಸ್ಕಿಯ ಹುಚ್ಚು ನನಗೆ ಹಿಡಿದದ್ದು ನಲವತ್ತೆಂಟು ದಾಟಿದ ಮೇಲೆ. ಅಲ್ಲಿಯವರೆಗೆ ಆರ್.ಟಿ. ನಗರದ ನಮ್ಮ ಟೈಲ್ಸ್ ಅಂಗಡಿಯ ಬಾಗಿಲು ಎಳೆದು, ಸಿಕ್ಕಿದ್ದಕ್ಕೆ ನೀರು ಬೆರೆಸಿ ಕುಡಿದು ಮಲಗುತ್ತಿದ್ದ ಆಸಾಮಿ ನಾನು. ಜಕ್ಕೂರಿನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನಾದೆ. ಬರ್ಬನ್ ಅಂದರೆ ಅಮೆರಿಕದವರು ಮೆಕ್ಕೆಜೋಳದಿಂದ ಮಾಡಿ, ಒಳಮೈ ಸುಟ್ಟ ಹೊಸ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವ ವಿಸ್ಕಿ. ಒಂದೇ ಪೀಪಾಯಿಯದನ್ನು, ಬೇರೆ ಪೀಪಾಯಿಯದು ಬೆರೆಸದೆ ಬಾಟಲಿಗೆ ತುಂಬಿದರೆ ಸಿಂಗಲ್ ಬ್ಯಾರೆಲ್. ಮಾಗಿದ ವಿಸ್ಕಿಯನ್ನು ತೆಗೆದು, ಮೊದಲು ವೈನ್ ಇಟ್ಟಿದ್ದ ಪೀಪಾಯಿಯಲ್ಲಿ ಮತ್ತೆ ಕೆಲವು ತಿಂಗಳು ಕೂರಿಸಿದರೆ ಕಾಸ್ಕ್ ಫಿನಿಶ್. ಇಷ್ಟನ್ನು ಲಿಫ್ಟಿನಲ್ಲಿ ಸಿಕ್ಕವರಿಗೂ ಬಿಡದೆ ಹೇಳುತ್ತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಐಶ್ವರ್ಯವೂ ಬಂದಿರಲಿಲ್ಲ, ಎರಡು ಬಾಟಲಿ ಬಂದಿತ್ತು ಅಷ್ಟೇ.

ಒಂದು ಸಿಂಗಲ್ ಬ್ಯಾರೆಲ್, ಇನ್ನೊಂದು ಕಾಸ್ಕ್ ಫಿನಿಶ್, ಆ ಎರಡು ಬಾಟಲಿಗಳ ಪರೀಕ್ಷೆಗೆಂದು ಒಂದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ನಮ್ಮ ಮಹಡಿಯ ಹಲ್ಲಿನ ಡಾಕ್ಟರನ್ನೂ ಕೆಳಗಿನ ಮನೆಯ ರಿಟೈರ್ಡ್ ಬ್ಯಾಂಕ್ ಮ್ಯಾನೇಜರನ್ನೂ ಕರೆದಿದ್ದೆ. ಯಾವ ಲೋಟದಲ್ಲಿ ಯಾವುದಿದೆ ಎಂದು ನನಗೂ ಗೊತ್ತಿರಬಾರದು ಎಂಬುದು ನಿಯಮ. ಹೆಂಡತಿ ಅಡುಗೆಮನೆಯಲ್ಲಿ ಸುರಿದು, ಒಂದು ವಿಸ್ಕಿಯ ಲೋಟಗಳ ತಳಕ್ಕೆ ತನ್ನ ಕೆಂಪು ಬಿಂದಿ, ಇನ್ನೊಂದರ ಲೋಟಗಳಿಗೆ ಕಪ್ಪು ಬಿಂದಿ ಅಂಟಿಸಿದಳು. ಉತ್ತರವನ್ನು ಚೀಟಿಯಲ್ಲಿ ಬರೆದು ಮಡಚಿ ನನ್ನ ಕೈಗೆ ಕೊಟ್ಟು ತರಕಾರಿ ತರಲು ಹೋದಳು.

ಅಷ್ಟರಲ್ಲಿ ಭಾವ ಬಂದರು, ಅಕ್ಕನ ಗಂಡ. ಯಶವಂತಪುರದ ಯಾರ್ಡಿನಲ್ಲಿ ಮೂವತ್ತು ವರ್ಷದಿಂದ ಬೆಲ್ಲದ ಮಂಡಿ ಇಟ್ಟವರು. ಲಾರಿಯಿಂದ ಇಳಿದ ಮಾಲಿನಲ್ಲಿ ಒಂದು ಅಚ್ಚು ಮುರಿದು, ಮೂಸಿ, ಚೂರು ನಾಲಿಗೆಯ ಕೆಳಗಿಟ್ಟು, ಯಾವ ಕಡೆಯ ಬೆಲ್ಲ, ಸಕ್ಕರೆ ಬೆರೆಸಿದ್ದಾರೋ ಇಲ್ಲವೋ ಎಂದು ಹೇಳುತ್ತಿದ್ದರು. ಅವರು ಹೇಳಿದ ಮೇಲೆ ಯಾರ್ಡಿನಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಆವತ್ತು ಒಂದು ಚೀಲ ಅವರೆಕಾಯಿ ಕೊಟ್ಟು ಹೋಗಲು ಬಂದಿದ್ದರು. ನಾನೇ ಕೂರಿಸಿದೆ. ನನ್ನ ಪಾಂಡಿತ್ಯಕ್ಕೆ ಇನ್ನೊಬ್ಬ ಶ್ರೋತೃ ಸಿಕ್ಕರೆ ಬೇಡ ಎನ್ನುವೆನೇ?

"ನಂಗೆ ಬೇಡಪ್ಪ," ಎಂದರು ಭಾವ. "ಕೊರೋನಾ ಬಂದಾಗ ಮೂರು ತಿಂಗಳು ವಾಸ್ನೆ, ರುಚಿ ಎರಡೂ ಹೋಗಿತ್ತಲ್ಲ. ಬೆಲ್ಲ ಬಾಯಿಗೆ ಹಾಕಿದ್ರೆ ಮಣ್ಣು ತಿಂದಂಗೆ ಆಗ್ತಿತ್ತು. ಈಗ ಬಂದಿದೆ ಅನ್ಸುತ್ತೆ. ಆದ್ರೂ ಒಳಗೊಳಗೆ ಭಯ ಕಣೋ, ಪೂರ್ತಿ ಬಂದಿದ್ಯೋ ಇಲ್ವೋ ಅಂತ."

"ಹಂಗಾದ್ರೆ ಇವತ್ತೇ ಟೆಸ್ಟ್ ಮಾಡ್ಬಿಡಣ ಬನ್ನಿ ಭಾವ," ಎಂದೆ. ಹೌದು, ಆ ಮಾತು ನನ್ನ ಬಾಯಿಂದಲೇ ಬಂತು.

ಮೊದಲು ನಾನು ಕುಡಿದೆ. ಲೋಟ ಓರೆ ಮಾಡಿ, ಮೂಗು ಇಳಿಸಿ, ಕಣ್ಣು ಮುಚ್ಚಿ ಐದು ನಿಮಿಷ ಉಪನ್ಯಾಸ ಕೊಟ್ಟೆ. ಕೆಂಪು ಬಿಂದಿಯದೇ ಸಿಂಗಲ್ ಬ್ಯಾರೆಲ್, ಎಷ್ಟು ಶುದ್ಧ, ಎಷ್ಟು ನೇರ ಎಂದು ತೀರ್ಪು ಕೊಟ್ಟೆ. ಡಾಕ್ಟರು ತಲೆಯಾಡಿಸಿದರು. ಅವರು ತಲೆಯಾಡಿಸಿದ್ದು ನೋಡಿ ಮ್ಯಾನೇಜರೂ ಆಡಿಸಿದರು.

ಭಾವ ಎರಡನ್ನೂ ಒಂದೊಂದು ಗುಟುಕು ಕುಡಿದು, ನಡುವೆ ನೀರು ಮುಕ್ಕಳಿಸಿ, ಮತ್ತೆ ಕುಡಿದರು.

"ಕಪ್ಪುದು ಒಂದೇ ಪಾಕ," ಎಂದರು. "ಕೆಂಪುದ್ರಲ್ಲಿ ಮೊದ್ಲು ಒಂದು ರುಚಿ ಇದೆ, ಅದ್ರ ಮೇಲೆ ಯಾವ್ದೋ ಹಣ್ಣಿಂದು ಆಮೇಲೆ ಕೂತಿದೆ. ಎರಡೂ ಇನ್ನೂ ಪೂರ್ತಿ ಬೆರ್ತಿಲ್ಲ. ನೀನು ಹೇಳ್ದೆ ನೋಡು, ಎರಡನೇ ಪೀಪಾಯಿಲಿ ಇಡೋದು, ಅದು ಕೆಂಪುದೇ."

ಡಾಕ್ಟರು ನಕ್ಕು, "ಇದು ಬೆಲ್ಲ ಅಲ್ಲ ಸಾರ್," ಎಂದರು. ನಾನೂ ನಕ್ಕೆ. ನಗುತ್ತಲೇ ಚೀಟಿ ಬಿಚ್ಚಿದೆ. ಕೆಂಪು, ಕಾಸ್ಕ್ ಫಿನಿಶ್ ಎಂದು ಹೆಂಡತಿಯ ದುಂಡಗಿನ ಅಕ್ಷರದಲ್ಲಿ ಬರೆದಿತ್ತು.

ಮೂವರೂ ನನ್ನ ಮುಖ ನೋಡುತ್ತಿದ್ದರು. ಯೋಚಿಸಲು ಸಮಯವಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಸಮಯವಿತ್ತು. "ಕೆಂಪು, ಸಿಂಗಲ್ ಬ್ಯಾರೆಲ್," ಎಂದು ಓದಿ ಚೀಟಿಯನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡೆ. ಡಾಕ್ಟರು ಚಪ್ಪಾಳೆ ತಟ್ಟಿದರು. ಭಾವ ಕೆಂಪು ಲೋಟವನ್ನು ಇನ್ನೊಮ್ಮೆ ಮೂಸಿ ನೋಡಿ ಮೆಲ್ಲಗೆ ಕೆಳಗಿಟ್ಟರು. ಊಟಕ್ಕೆ ನಿಲ್ಲಲಿಲ್ಲ. ತರಕಾರಿ ತಂದ ಹೆಂಡತಿ ಯಾರು ಗೆದ್ದರು ಎಂದು ಕೇಳಿದಳು. ನಾನೇ ಎಂದೆ.

ಎರಡು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದಳು. "ಇವ್ರು ಬೆಲ್ಲ ಬಾಯಿಗೇ ಹಾಕ್ತಿಲ್ಲ ಕಣೋ. ಮಾಲು ಬಂದ್ರೆ ಪಕ್ಕದ ಮಂಡಿಯವ್ರನ್ನ ಕರ್ದು ನೋಡಿ ಅಂತಾರೆ. ನನ್ ನಾಲಿಗೆ ಹೋಯ್ತು, ಜಕ್ಕೂರಲ್ಲೇ ಗೊತ್ತಾಯ್ತು ಅಂತಾರೆ. ಯುಗಾದಿ ಕಳೀಲಿ, ಅಂಗಡಿ ಬಿಟ್ಕೊಡ್ತೀನಿ ಅಂತ ಕೂತಿದಾರೆ. ನೀನಾದ್ರೂ ಬಂದು ಒಂದ್ ಮಾತು ಹೇಳು."

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಳಗ್ಗೆಯೇ ಯಾರ್ಡಿಗೆ ಹೋದೆ. ಭಾವ ಗದ್ದಿಗೆಯ ಮೇಲೆ ಕೂತಿದ್ದರು. ಮಂಡ್ಯ ಕಡೆಯಿಂದ ಬೆಲ್ಲ ತಂದಿದ್ದ ಒಬ್ಬರು ಎದುರಿಗೆ ಕಾಯುತ್ತಿದ್ದರು. ಅವರ ಮುಂದೆಯೇ ಎಲ್ಲ ಹೇಳಿಬಿಟ್ಟೆ. ಚೀಟಿಯಲ್ಲಿ ಬರೆದಿದ್ದೇನು, ನಾನು ಓದಿದ್ದೇನು, ಯಾಕೆ.

ಭಾವ ಪೂರ್ತಿ ಕೇಳಿದರು. ಕೋಪ ಬರಲಿಲ್ಲ. ಕೋಪ ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನಿಮ್ಮಕ್ಕ ಕಳ್ಸಿದ್ಲಾ?"

ಸುಳ್ಳು ಹೇಳಲಾಗಲಿಲ್ಲ. "ಅವ್ಳೇ ಬಾ ಅಂದಿದ್ದು. ಆದ್ರೆ ನಾನು ಹೇಳಿದ್ದು ನಿಜ ಭಾವ. ಬಾಟ್ಲಿ ಎರಡೂ ಮನೇಲೇ ಇದೆ, ತರ್ತೀನಿ, ಇನ್ನೊಂದ್ಸಲ ನೋಡಿ."

"ಬೇಡ ಬಿಡೋ. ಒಂದ್ಸಲ ನೋಡಿದ್ದು ಸಾಕು," ಎಂದು ನನ್ನ ಭುಜ ತಟ್ಟಿದರು. "ಗೆದ್ದವನು ನಂಗೋಸ್ಕರ ಸೋತೆ ಅಂತ ಹೇಳೋಕೆ ಇಲ್ಲೀ ತನಕ ಬಂದಿದ್ಯಲ್ಲ, ಒಳ್ಳೆಯವನು ಕಣೋ ನೀನು."

ಆಮೇಲೆ ಎದುರಿಗಿದ್ದವರ ಎರಡು ಚೀಲಗಳಿಂದ ಒಂದೊಂದು ಅಚ್ಚು ಮುರಿದು, ಒಂದೊಂದು ಚೂರನ್ನು ನನ್ನ ಅಂಗೈಗೆ ಹಾಕಿದರು. "ನೀನೇ ನೋಡಿ ಹೇಳು. ಇದ್ರಲ್ಲಿ ಸಕ್ಕರೆ ಬಿದ್ದಿರೋದು ಯಾವ್ದು?"

ಎರಡನ್ನೂ ಬಾಯಿಗೆ ಹಾಕಿಕೊಂಡೆ. ಎರಡೂ ಸಿಹಿಯಾಗಿದ್ದವು, ಅಷ್ಟೇ. "ಗೊತ್ತಾಗ್ತಿಲ್ಲ ಭಾವ. ನಿಜವಾಗ್ಲೂ ನಂಗೆ ಗೊತ್ತಾಗ್ತಿಲ್ಲ."

ಭಾವ ಮುಗುಳ್ನಕ್ಕು ಎದುರಿಗಿದ್ದವರ ಕಡೆ ತಿರುಗಿದರು. "ನೋಡಿದ್ರಾ? ಗೊತ್ತಿದ್ರೂ ಹೇಳಲ್ಲ. ನನ್ ಮನಸ್ಸಿಗೆ ಬೇಜಾರಾಗುತ್ತೆ ಅಂತ."